ಹೆಸರು ಅದಲುಬದಲಾಗುತ್ತದೆ, ಅಕ್ಷರ ಮಾತ್ರ ಬದಲಾಗುವುದಿಲ್ಲ!

ಪ್ರಶ್ನೆ: ಸಿ ಭಾಷೆಯ ಪ್ರೋಗ್ರಾಮಿನಲ್ಲಿ ವಾರದ ದಿನಗಳ ಇಂಗ್ಲಿಷ್ ಹೆಸರುಗಳನ್ನು ‘ಚಾರ್ *ದಿನ[7]’ ಎಂಬ ಪಾಯಿಂಟರ್ ಅರೇಯಲ್ಲಿ ಇಟ್ಟಿದ್ದೇನೆ. ಎರಡು ಹೆಸರು ಅದಲುಬದಲು ಮಾಡಿದರೆ ತೊಂದರೆಯಿಲ್ಲ. ಆದರೆ ದಿನ[0][0]ಗೆ ಬೇರೆ ಅಕ್ಷರ ಕೊಟ್ಟರೆ ‘ಸೆಗ್ಮೆಂಟೇಶನ್ ಫಾಲ್ಟ್’ ಎಂದು ಪ್ರೋಗ್ರಾಂ ಅರ್ಧಕ್ಕೇ ನಿಲ್ಲುತ್ತದೆ. ಕಂಪೈಲರ್ ವಾರ್ನಿಂಗ್ ಕೂಡ ಕೊಡಲಿಲ್ಲ. ಎರಡು ಆಯಾಮದ ಅರೇ ಬಳಸೋಣವೆಂದರೆ, ಪಾಯಿಂಟರ್ ಅರೇಯಲ್ಲೇ ಮೆಮೊರಿ ಉಳಿಯುತ್ತದೆ ಎಂದು ಓದಿದ್ದೇನೆ. ಏನು ಮಾಡಲಿ?

ಉತ್ತರ: ನಿಮ್ಮ ಅರೇಯಲ್ಲಿ ಹೆಸರುಗಳೇ ಇಲ್ಲ. ಇರುವುದು ಅವು ಮೆಮೊರಿಯಲ್ಲಿ ಎಲ್ಲಿವೆ ಎಂದು ಹೇಳುವ ಏಳು ವಿಳಾಸಗಳು, ಅಂದರೆ ಪಾಯಿಂಟರ್‌ಗಳು. ಅವನ್ನು ಬೇಕಾದಂತೆ ಬದಲಿಸಬಹುದು. ಹೆಸರುಗಳು ಸ್ಟ್ರಿಂಗ್ ಕಾನ್ಸ್ಟಂಟ್‌ಗಳು, ಅಂದರೆ ಕೋಡ್‌ನಲ್ಲೇ ನೇರವಾಗಿ ಬರೆದ ಅಕ್ಷರಸಾಲುಗಳು. ಕಂಪೈಲರ್ ಅವನ್ನು ಬೇರೆ ಕಡೆ, ಸಾಮಾನ್ಯವಾಗಿ ಓದಲಷ್ಟೇ ಅವಕಾಶವಿರುವ ಮೆಮೊರಿಯಲ್ಲಿ ಇಡುತ್ತದೆ. ಅಲ್ಲಿ ಬರೆಯಲು ಹೋದರೆ ಆಪರೇಟಿಂಗ್ ಸಿಸ್ಟಂ ಪ್ರೋಗ್ರಾಮನ್ನೇ ನಿಲ್ಲಿಸುತ್ತದೆ.

ಎಲ್ಲ ಕಡೆ ಹೀಗೇ ಆಗಬೇಕೆಂದಿಲ್ಲ. ಸಿ ಸ್ಟ್ಯಾಂಡರ್ಡ್ ಪ್ರಕಾರ ಇದು ‘ಅನ್‌ಡಿಫೈನ್ಡ್ ಬಿಹೇವಿಯರ್’, ಅಂದರೆ ಏನಾಗಬೇಕೆಂದು ಅದು ಹೇಳುವುದೇ ಇಲ್ಲ. ಮೆಮೊರಿಗೆ ಅಂಥ ರಕ್ಷಣೆ ಇಲ್ಲದ ಕಡೆ ಅಕ್ಷರ ಸುಮ್ನೆ ಬದಲಾಗಿಬಿಡಬಹುದು. ಅದಕ್ಕಿಂತ ಕ್ರ್ಯಾಶ್ ಆಗುವುದೇ ವಾಸಿ! ಯಾಕೆಂದರೆ ಒಂದೇ ಸ್ಟ್ರಿಂಗನ್ನು ಎರಡು ಕಡೆ ಬರೆದಿದ್ದರೆ, ಕಂಪೈಲರ್ ಎರಡಕ್ಕೂ ಸೇರಿ ಒಂದೇ ಪ್ರತಿ ಇಡಬಹುದು. ಆಗ ಇಲ್ಲಿ ತಿದ್ದಿದ್ದು ಇನ್ನೆಲ್ಲೋ ಕಾಣಿಸಿಕೊಳ್ಳುತ್ತದೆ. ಅಂಥ ದೋಷ ಹುಡುಕುವುದು ಬೇಡವೇ ಬೇಡ.

ವಾರ್ನಿಂಗ್ ಬರದಿದ್ದಕ್ಕೆ ಕಾರಣ ಹಳೆಯದು. ಸಿ ಭಾಷೆಯಲ್ಲಿ ಸ್ಟ್ರಿಂಗ್ ಕಾನ್ಸ್ಟಂಟ್‌ನ ಟೈಪ್ ಬರೀ ಚಾರ್ ಅರೇ, ಅದಕ್ಕೆ ‘ಕಾನ್ಸ್ಟ್’ (ಬದಲಿಸಬಾರದು ಎಂಬ ಗುರುತು) ಇಲ್ಲ. 1989ರ ಸ್ಟ್ಯಾಂಡರ್ಡ್ ಕಾನ್ಸ್ಟ್ ಪದವನ್ನು ತಂದಿತು, ಆದರೆ ಹಳೆಯ ಕೋಡ್ ಕೆಡದಿರಲಿ ಎಂದು ಇದನ್ನು ಹಾಗೇ ಬಿಟ್ಟಿತು. ಹಾಗಾಗಿ ನೀವೇ ‘ಕಾನ್ಸ್ಟ್ ಚಾರ್ *ದಿನ[7]’ ಎಂದು ಬರೆಯಿರಿ. ಅದಲುಬದಲು ಮೊದಲಿನಂತೆ ನಡೆಯುತ್ತದೆ. ಅಕ್ಷರ ತಿದ್ದಲು ಹೋದರೆ ಕಂಪೈಲ್ ಆಗುವಾಗಲೇ ಎರರ್ ಬರುತ್ತದೆ.

ಅಕ್ಷರ ತಿದ್ದಲೇಬೇಕಾದರೆ ‘ಚಾರ್ ದಿನ[7][10]’ ಬಳಸಿ. ಇಲ್ಲಿ ಹೆಸರುಗಳು ಅರೇಯೊಳಕ್ಕೇ ಕಾಪಿ ಆಗುತ್ತವೆ. ಅದಲುಬದಲಿಗೆ ಮಾತ್ರ ಸ್ಟ್ರಿಂಗ್ ಕಾಪಿ ಮಾಡುವ ಸ್ಟ್ರ್‌ಕಾಪಿ ಫಂಕ್ಷನ್ ಬೇಕು.

ಇನ್ನು ಮೆಮೊರಿ ಉಳಿತಾಯ. ಅದನ್ನು ಕಣ್ಣುಮುಚ್ಚಿ ನಂಬಬೇಡಿ, ಲೆಕ್ಕ ಹಾಕಿ. ಅತಿ ಉದ್ದದ ಹೆಸರು ವೆಡ್ನೆಸ್‌ಡೇ: 9 ಅಕ್ಷರ, ಕೊನೆಗೊಂದು ನಲ್ (ಸ್ಟ್ರಿಂಗ್ ಮುಗಿಯಿತೆಂದು ತೋರಿಸುವ ಬೈಟ್). ಎರಡು ಆಯಾಮದ ಅರೇಗೆ 7×10, ಅಂದರೆ 70 ಬೈಟ್. ಪಾಯಿಂಟರ್ ಅರೇಯಲ್ಲಿ ಹೆಸರುಗಳಿಗೆ ನಲ್ ಸೇರಿ 57 ಬೈಟ್. 64 ಬಿಟ್ ಯಂತ್ರದಲ್ಲಿ ಏಳು ಪಾಯಿಂಟರ್‌ಗಳಿಗೆ ಇನ್ನೂ 56. ಒಟ್ಟು 113. ಜಾಸ್ತಿಯೇ ಆಯಿತಲ್ವಾ? ಕೆಲವು ಸ್ಟ್ರಿಂಗ್ ತೀರಾ ಉದ್ದ, ಉಳಿದವು ಚಿಕ್ಕವು ಇದ್ದಾಗಷ್ಟೇ ಪಾಯಿಂಟರ್ ಅರೇಯಿಂದ ಲಾಭ.

ಹಾಂ, ಪಟ್ಟಿಯಲ್ಲಿ ಕಾಮಾ ಬಿಟ್ಟುಹೋಗದಂತೆ ನೋಡಿಕೊಳ್ಳಿ. ಪಕ್ಕಪಕ್ಕದ ಎರಡು ಸ್ಟ್ರಿಂಗ್‌ಗಳನ್ನು ಸಿ ಒಂದೇ ಮಾಡುತ್ತದೆ, ಎರರ್ ಕೊಡುವುದಿಲ್ಲ. ಆಗ ಆರೇ ಹೆಸರು ಉಳಿಯುತ್ತವೆ, ದಿನ[6]ರಲ್ಲಿ ಯಾವ ಹೆಸರನ್ನೂ ತೋರಿಸದ ನಲ್ ಪಾಯಿಂಟರ್ ಕೂತಿರುತ್ತದೆ.