ಒಂದೇ ತಟ್ಟೆಯ ಇಂಜೆರಾ, ಮಗು ತಿಂದದ್ದೆಷ್ಟು?

ಇಥಿಯೋಪಿಯಾದಲ್ಲಿ ಮನೆಮಂದಿಯೆಲ್ಲ ಒಂದೇ ತಟ್ಟೆಯ ಇಂಜೆರಾ (ಹುಳಿ ಬರಿಸಿದ ಹಿಟ್ಟಿನ, ದೋಸೆಯಂಥ ರೊಟ್ಟಿ) ತಿನ್ನುವಾಗ ಮೂರು ವರ್ಷದ ಮಗುವಿನ ಪಾಲು ಅಳೆಯುವುದು ಹೇಗೆ ಎಂದು ಕೇಳಿದ್ದೀರಿ. ದಯವಿಟ್ಟು ಒಟ್ಟು ತೂಕವನ್ನು ತಲೆಗಿಷ್ಟೆಂದು ಭಾಗಿಸಬೇಡಿ. ಕಡಿಮೆ ತಿಂದ ಮಗುವೇ ಆ ಲೆಕ್ಕದಲ್ಲಿ ಮರೆಯಾಗುತ್ತದೆ. ಬೇರೆ ತಟ್ಟೆ ಕೊಟ್ಟರೆ ತೂಗುವುದು ಸುಲಭ, ಆದರೆ ಊಟದ ರೀತಿಯೇ ಬದಲಾಗಬಹುದು.

ನನ್ನ ಒಲವು ತುತ್ತು ಎಣಿಸುವುದರತ್ತ. ಮೊದಲು ಮಗುವಿನ ಕೈಯಿಂದಲೇ ಕೆಲವು ತುತ್ತು ಮುರಿಸಿ, ತೂಗಿ, ಸರಾಸರಿ ತೆಗೆಯಿರಿ. ಬೇಳೆಯ ವೊಟ್ (ಗಟ್ಟಿ ಸಾರು) ಹತ್ತಿದ ತುತ್ತು, ಬರಿ ಇಂಜೆರಾದ ತುತ್ತು ಬೇರೆ ಬೇರೆ ಬರೆಯಿರಿ. ಪ್ರೋಟೀನ್ ಲೆಕ್ಕ ತಪ್ಪುವುದು ಅಲ್ಲೇ. ಇನ್ನು ಗುರ್ಶಾ, ಅಂದರೆ ಇನ್ನೊಬ್ಬರ ಬಾಯಿಗಿಡುವ ತುತ್ತು: ಅಮ್ಮ ಕೊಟ್ಟದ್ದು ಮಗುವಿನ ಲೆಕ್ಕಕ್ಕೇ, ಆದರೆ ಅಮ್ಮನ ತುತ್ತಿನ ತೂಕದಲ್ಲಿ. ಊಟದ ಮೊದಲೂ ಆಮೇಲೂ ತಟ್ಟೆ ತೂಗಿ. ಹೀಗೆಯೇ ಎಣಿಸಿದ ಎಲ್ಲರ ತುತ್ತುಗಳ ಒಟ್ಟು ತೂಕ ಆ ವ್ಯತ್ಯಾಸದ ಹತ್ತಿರ ಬರದಿದ್ದರೆ ಆ ದಿನದ ಎಣಿಕೆ ನಂಬಬೇಡಿ.