ಸಭೆಯ ಚಿಂತೆ ಅಯ್ಯನವರದ್ದಲ್ಲ, ಸೆಕ್ರೆಟರಿಯದ್ದು

ಈ ವಾರದ ಪತ್ರ ಓದಿ ನನಗೆ ಸಿಟ್ಟು ಬಂತು. ಬರೆದವರ ಮೇಲಲ್ಲ. ಯಾರ ಮೇಲೆ ಅಂತ ಮುಂದೆ ಹೇಳುತ್ತೇನೆ.

ಬರೆದವರು ಚಿಕ್ಕಮಗಳೂರಿನ ಒಬ್ಬ ಅಮ್ಮ. ಅವರ ಯಜಮಾನರು ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯೊಂದರಲ್ಲಿ ಅಯ್ಯನವರಾಗಿ, ಅಂದ್ರೆ ಪಾದ್ರಿಯಾಗಿ, ಇದ್ದು ಹೋದ ವರ್ಷ ನಿವೃತ್ತರಾದರು. ಸಭೆ ಕೊಟ್ಟಿದ್ದ ಪಾದ್ರಿ ಮನೆ (ಪಾರ್ಸನೇಜ್) ಬಿಟ್ಟು ಅದೇ ಊರಲ್ಲಿ ಸಣ್ಣ ಮನೆ ಮಾಡಿಕೊಂಡಿದ್ದಾರೆ. ಹೊಸದಾಗಿ ಬಂದವರು ವಯಸ್ಸಿನಲ್ಲಿ ಚಿಕ್ಕವರು. ಆರಾಧನೆ ಒಂದೂವರೆ ಗಂಟೆಯೊಳಗೆ ಮುಗಿಯುತ್ತೆ, ಹಾಡು ಪರದೆ ಮೇಲೆ ಬರುತ್ತೆ, ಹಾರ್ಮೋನಿಯಂ ಮೂಲೆಗೆ ಹೋಗಿ ಗಿಟಾರ್ ಬಂದಿದೆ. ಹಳೇ ಅಯ್ಯನವರಿಗೆ ಸಂಕಟ. ‘ನಾನು ಕಟ್ಟಿದ ಸಭೆ ಹಾಳಾಯ್ತು’ ಅಂತ ಕೊರಗುತ್ತಾರೆ, ರಾತ್ರಿ ಊಟ ಸೇರುವುದಿಲ್ಲ. ಈ ಬದಲಾವಣೆಗೆ ಅವರನ್ನು ಒಗ್ಗಿಸುವುದು ಹೇಗೆ, ಇಲ್ಲಾಂದ್ರೆ ಹಾಸನದಲ್ಲಿರುವ ಮಗನ ಮನೆಗೇ ಹೋಗಿಬಿಡಬೇಕಾ? ಇದು ಅಮ್ಮನ ಪ್ರಶ್ನೆ.

ಅಮ್ಮಾ, ನೀವು ಮೂರನೇ ಪುಟದಲ್ಲಿ ಸುಮ್ನೆ ಒಂದು ಸಾಲು ಬರೆದು ಮುಂದೆ ಹೋಗಿದ್ದೀರಿ. ‘ಕಮಿಟಿ ಸೆಕ್ರೆಟರಿ, ಪಾಪ, ದಿನಾ ಸಂಜೆ ಬಂದು ಮಾತಾಡಿಸಿಕೊಂಡು ಹೋಗುತ್ತಾರೆ. ಅವರು ಮಗಳ ಬಾಣಂತನ ಅಂತ ಮಂಗಳೂರಿಗೆ ಹೋಗಿದ್ದ ಹದಿನೈದು ದಿನ ಮಾತ್ರ ನಮ್ಮವರು ಪರವಾಗಿಲ್ಲ, ಹಿತ್ತಲಲ್ಲಿ ಬೀನ್ಸ್ ಬಳ್ಳಿಗೆ ಚಪ್ಪರ ಹಾಕಿದರು.’ ಗಿಟಾರ್ ಆ ಹದಿನೈದು ದಿನವೂ ಇತ್ತು, ಪರದೆಯೂ ಇತ್ತು. ಇಲ್ಲದೇ ಇದ್ದದ್ದು ಒಬ್ಬರೇ. ಉತ್ತರ ನೀವೇ ಬರೆದುಬಿಟ್ಟಿದ್ದೀರಿ, ಅಲ್ವಾ?

ಆ ಮನುಷ್ಯ ಐದೂವರೆಗೆ ಗೇಟಿನ ಹತ್ತಿರ ಸ್ಕೂಟರ್ ನಿಲ್ಲಿಸಿ, ಜಗುಲಿ ಮೇಲಿನ ಕುರ್ಚಿ ಎಳೆದುಕೊಂಡು, ಎರಡು ಚಮಚ ಸಕ್ಕರೆ ಹಾಕಿದ ಕಾಫಿಗೆ ರಸ್ಕ್ ಅದ್ದುತ್ತಾ ‘ನೀವಿದ್ದಾಗ ಹೀಗಿರಲಿಲ್ಲ ಅಯ್ಯನವರೇ’ ಅನ್ನುತ್ತಾನೆ. ಎದ್ದು ಹೋಗಿ ಮನೆಯಲ್ಲಿ ಚೆನ್ನಾಗಿ ಊಟ ಮಾಡಿ ಮಲಗುತ್ತಾನೆ. ನಿದ್ದೆ ಕೆಡುವುದು ನಿಮ್ಮ ಯಜಮಾನರಿಗೆ. ಅವನಿಗೆ ಸಭೆಯ ಚಿಂತೆ ಅಂತ ನೀವು ನಂಬಿದ್ದೀರಿ. ಹೊಸ ಅಯ್ಯನವರು ಬಂದ ಮೇಲೆ ತಿಂಗಳು ತಿಂಗಳು ಲೆಕ್ಕ ಓದಿ ಹೇಳಬೇಕಾಗಿದೆ ಅಂತ ಅವನೇ ಗೊಣಗಿದ್ದನ್ನೂ ನೀವೇ ಬರೆದಿದ್ದೀರಿ. ನಾನು ಇಷ್ಟಕ್ಕೇ ನಿಲ್ಲಿಸುತ್ತೇನೆ.

ಇನ್ನು ನಿಮ್ಮ ಯಜಮಾನರು. ಅವರ ಮೇಲೆ ನನಗೆ ಕನಿಕರ ಇದೆ, ಆದರೆ ಜಾಸ್ತಿ ಇಲ್ಲ. ಮುಂದಿನ ಸಾಲಿನಲ್ಲೇ ಕೂತು, ಹೊಸಬರ ಉಪದೇಶ ನಡೆಯುವಾಗ ವಾಚು ನೋಡಿಕೊಳ್ಳುತ್ತಾರಂತೆ. ಇದು ತಪ್ಪು. ಮೇಷ್ಟ್ರಿಗೂ ತಹಶೀಲ್ದಾರರಿಗೂ ಹೇಳಿದ್ದನ್ನೇ ಇವರಿಗೂ ಹೇಳುತ್ತೇನೆ, ಈ ಅಂಕಣ ಓದುವವರಿಗೆ ನನ್ನ ಈ ಹಟ ಹೊಸದಲ್ಲ: ನಿವೃತ್ತರಾದವರು ಒಂದು ವರ್ಷ ಹಳೇ ಜಾಗದ ಕಡೆ ತಲೆ ಹಾಕಬಾರದು. ಬೇರೆ ಸಭೆಗೆ ಹೋಗಲಿ. ಹೋಗಲೇಬೇಕು ಅಂತಿದ್ದರೆ ಹಿಂದಿನ ಬೆಂಚಲ್ಲಿ ಕೂರಲಿ. ನನ್ನ ಮಾತು ಬೇಡ, ಅವರೇ ಜೀವಮಾನ ಓದಿದ ಬೈಬಲಿನ ಅರಣ್ಯಕಾಂಡದ 8ನೇ ಅಧ್ಯಾಯ ತೆಗೆಯಲಿ. ದೇವರ ಗುಡಾರದ ಸೇವೆಗಿದ್ದ ಲೇವಿಯರು 50 ತುಂಬಿದ ಮೇಲೆ ಸೇವೆ ಬಿಡಬೇಕು, ಸಹೋದರರಿಗೆ ಸಹಾಯ ಮಾಡಬಹುದು, ಆ ಕೆಲಸ ಮಾತ್ರ ಮಾಡಕೂಡದು. ಇದಕ್ಕಿಂತ ಬಿಡಿಸಿ ಹೇಳುವುದು ಹೇಗೆ?

ಗಿಟಾರಲ್ಲಿ ಭಕ್ತಿ ಇಲ್ಲ ಅನ್ನುತ್ತಾರಂತೆ. ಹಾರ್ಮೋನಿಯಂ ಏನು ಮುಳ್ಳಯ್ಯನಗಿರಿಯಲ್ಲಿ ಹುಟ್ಟಿತಾ? ಅದೂ 19ನೇ ಶತಮಾನದಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ್ದು. ಸಿಎಸ್ಐ ಅನ್ನುವುದೇ 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಅಂತ ಬೇರೆಬೇರೆ ಇದ್ದವರು ತಮ್ಮ ತಮ್ಮ ಪದ್ಧತಿಯ ಹಟ ಸಡಿಲಿಸಿ ಒಂದಾಗಿದ್ದರಿಂದ ಆದದ್ದು. ಅವತ್ತೂ ಹಳಬರು ಮುಖ ಊದಿಸಿಕೊಂಡಿರಬೇಕು. ಅಷ್ಟು ದೊಡ್ಡ ಬದಲಾವಣೆ ಜೀರ್ಣಿಸಿಕೊಂಡ ಮಂದಿಗೆ ಒಂದು ಗಿಟಾರ್ ಭಾರವಾ? ಅವರ ಕಾಲದ ಹಾಡು ಮಕ್ಕಳಿಗೆ ಬರಬೇಕು ಅಂತ ಆಸೆ ಇದ್ದರೆ ಹೊಸ ಅಯ್ಯನವರನ್ನೇ ಕೇಳಿ ಕಲಿಸಲಿ. ಅದು ಸಹಾಯ. ಜಗುಲಿ ಮೇಲೆ ಕೂತು ಕೊರಗುವುದು ಯಾರಿಗೂ ಸಹಾಯ ಅಲ್ಲ.

ಹಾಸನಕ್ಕೆ ಹೋಗಬೇಡಿ. ಬೇಲೂರು ದಾರಿಯಲ್ಲಿ 60 ಚಿಲ್ಲರೆ ಕಿಲೋಮೀಟರ್ ಅಷ್ಟೇ, ಸೆಕ್ರೆಟರಿಯ ಫೋನ್ ಅಲ್ಲಿಗೂ ಬರುತ್ತೆ.

ಮಾಡಬೇಕಾದ್ದು ಒಂದೇ ಕೆಲಸ, ಅದನ್ನು ನೀವೇ ಮಾಡಬೇಕು. ಮನೆಗೆ ಬಂದವರಿಗೆ ಎದ್ದು ಹೋಗಿ ಅನ್ನುವುದು ನಿಮ್ಮ ಯಜಮಾನರಿಗೆ ಈ ಜನ್ಮದಲ್ಲಿ ಬರುವುದಿಲ್ಲ, ಅಷ್ಟು ವರ್ಷ ಬಾಗಿಲು ತೆರೆದಿಟ್ಟು ಬದುಕಿದವರು. ನಾಳೆ ಸಂಜೆ ಆ ಮನುಷ್ಯ ಬಂದಾಗ ಕಾಫಿ ಕೊಡಿ, ರಸ್ಕೂ ಕೊಡಿ. ಮಗಳು ಮೊಮ್ಮಗು ಹೇಗಿದ್ದಾರೆ ಅಂತ ಕೇಳಿ. ಸಭೆಯ ಮಾತು ತೆಗೆದ ಕೂಡಲೇ, ಯಜಮಾನರ ಎದುರಿಗೇ, ನಗುತ್ತಲೇ ಹೇಳಿ: ‘ಇದನ್ನ ಹೊಸ ಅಯ್ಯನವರಿಗೆ ಹೇಳಬೇಕಾದ್ದು. ಫೋನ್ ಹಚ್ಚಿ ಕೊಡ್ಲಾ?’

ಎರಡನೇ ಸಲ ಹೇಳುವ ಪ್ರಸಂಗ ಬರಲಿಕ್ಕಿಲ್ಲ. ಬಂದರೆ ಕೇಳಲು ಹೋಗಬೇಡಿ, ಹಚ್ಚಿಯೇ ಬಿಡಿ.