ಅರ್ಧ ಅಪಾಯ ಅಂದ್ರೆ ಎರಡು ಪಟ್ಟು ಆಯುಸ್ಸಾ?

ಪ್ರಶ್ನೆ: ಔಷಧಿ ಪ್ರಯೋಗದ ವರದಿಯೊಂದರಲ್ಲಿ ‘ಹಜಾರ್ಡ್ ರೇಷಿಯೋ 0.5’ ಅಂತಿದೆ. ಔಷಧಿ ತಗೊಂಡವರು ಎರಡು ಪಟ್ಟು ಕಾಲ ಚೆನ್ನಾಗಿರುತ್ತಾರೆ ಅಂತಲಾ ಸಾರ್? ಪ್ರಯೋಗದ ಮಧ್ಯೆ ಬಿಟ್ಟುಹೋದವರ ಲೆಕ್ಕ ಏನು?
– ಓದುಗರೊಬ್ಬರು, ಹಾಸನ

ಉತ್ತರ: ಹಾಗಲ್ಲಮ್ಮ. ಅದು ಕಾಲದ ಲೆಕ್ಕ ಅಲ್ಲ, ಆಯಾ ಹೊತ್ತಿನ ಅಪಾಯದ ಲೆಕ್ಕ. ಅಲ್ಲಿಯವರೆಗೆ ಚೆನ್ನಾಗಿದ್ದವರಲ್ಲಿ ಕಾಯಿಲೆ ಮರಳುವ ದರ, ಔಷಧಿ ತಗೊಳ್ಳದವರಿಗೆ ಹೋಲಿಸಿದರೆ ಅರ್ಧ, ಅಷ್ಟೆ.

ಕ್ಲಾಸಿನಲ್ಲಿ ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದದ್ದು 1963ರಲ್ಲಿ ಪ್ರಕಟವಾದ ಅಮೆರಿಕದ ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಪ್ರಯೋಗ. 21 ಜನರಿಗೆ ಮರ್ಕ್ಯಾಪ್ಟೊಪ್ಯೂರಿನ್ ಎಂಬ ಔಷಧಿ, 21 ಜನರಿಗೆ ಔಷಧಿಯೇ ಇಲ್ಲದ ಹುಸಿಮಾತ್ರೆ. ಹುಸಿಮಾತ್ರೆಯ ಎಲ್ಲರಿಗೂ ಕಾಯಿಲೆ ಮರಳಿತು. ಔಷಧಿಯವರಲ್ಲಿ 9 ಜನರಿಗೆ. ಉಳಿದ 12 ಜನರ ವಾರದ ಪಕ್ಕ ‘+’ ಗುರುತು. 6+ ಅಂದ್ರೆ 6 ವಾರದವರೆಗೆ ಚೆನ್ನಾಗಿದ್ದರು, ಮುಂದಿನದು ಗೊತ್ತಿಲ್ಲ. ಅವರನ್ನು ಸುಮ್ನೆ ಕೈಬಿಟ್ಟರೆ ಔಷಧಿಗೇ ಅನ್ಯಾಯ, ಅಲ್ವಾ?

1972ರಲ್ಲಿ ಸಂಖ್ಯಾಶಾಸ್ತ್ರಜ್ಞ ಡೇವಿಡ್ ಕಾಕ್ಸ್ ಕೊಟ್ಟ ಲೆಕ್ಕದ ಮಾದರಿ ಯಾರನ್ನೂ ಕೈಬಿಡುವುದಿಲ್ಲ. ಒಬ್ಬರಿಗೆ ಕಾಯಿಲೆ ಮರಳಿದಾಗಲೆಲ್ಲ, ಆಗ ಇನ್ನೂ ಲೆಕ್ಕದಲ್ಲಿದ್ದವರ ಜೊತೆ ಅವರನ್ನು ಹೋಲಿಸುತ್ತದೆ. 6+ನವರು 6ನೇ ವಾರದವರೆಗೂ ಆ ಗುಂಪಿನಲ್ಲಿರುತ್ತಾರೆ.

ಈ ಪ್ರಯೋಗದಲ್ಲಿ ಹಜಾರ್ಡ್ ರೇಷಿಯೋ ಸುಮಾರು 0.2, ಅಂದ್ರೆ ಐದನೇ ಒಂದು ಭಾಗ. ಆದರೆ ಅರ್ಧದಷ್ಟು ಜನರಿಗೆ ಕಾಯಿಲೆ ಮರಳಲು ಹಿಡಿದ ಕಾಲ, ಅಂದ್ರೆ ಮೀಡಿಯನ್ ಅವಧಿ, ಔಷಧಿಯವರಿಗೆ 23 ವಾರ, ಹುಸಿಮಾತ್ರೆಯವರಿಗೆ 8. ಐದು ಪಟ್ಟು ಬಿಡಿ, ಮೂರು ಪಟ್ಟೂ ಇಲ್ಲ! ನಿಮ್ಮ ವರದಿಯಲ್ಲೂ ಮೀಡಿಯನ್ ಅವಧಿ ಎಷ್ಟಿದೆ ನೋಡಿ.